ಆ ವಿಡಿಯೊ ಯಾವ ದಿನದ್ದು?

ನನ್ನ ಆಫೀಸಿಗೆ ಬರುವ ಜೂನಿಯರ್‌ಗಳಿಗೆಲ್ಲ ಸ್ವೀಡನ್‌ನ ಒಂದು ಕೇಸಿನ ಕಥೆ ಹೇಳುತ್ತೇನೆ. ಅದು ಯುದ್ಧಾಪರಾಧದ ಕೇಸು. ಜಿಲ್ಲಾ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ನಮ್ಮಂಥವರಿಗೂ ಅದರಲ್ಲಿ ಕಲಿಯುವುದು ಬಹಳ ಇದೆ.

2012ರ ಮೇ ತಿಂಗಳು, ಸಿರಿಯಾದ ಇದ್ಲಿಬ್ ಪ್ರಾಂತ್ಯ. ಸೆರೆಸಿಕ್ಕ ಏಳು ಮಂದಿ ಸರ್ಕಾರಿ ಸೈನಿಕರನ್ನು ಬಂಡುಕೋರರು ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿ ಗುಂಡಿಟ್ಟು ಕೊಂದರು. ಅದರ ವಿಡಿಯೊ ಇತ್ತು. ಮರುವರ್ಷ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಹೊರಗೆ ತಂದಿತು. ಗುಂಡು ಹಾರಿಸಿದವರಲ್ಲಿ ಒಬ್ಬನಾದ ಹೈಸಮ್ ಸಖಾನ್ ಆಮೇಲೆ ಸ್ವೀಡನ್‌ಗೆ ಹೋಗಿ ಆಶ್ರಯ ಕೇಳಿದ್ದ. ಅಲ್ಲೇ ಅವನ ಬಂಧನವಾಯಿತು.

ವಿಡಿಯೊ ಇದೆ, ಮುಖ ಕಾಣುತ್ತದೆ, ಇನ್ನೇನು ಬೇಕು ಅನಿಸುತ್ತದೆ ಅಲ್ವಾ? ಆದರೆ ಅವನು ಗುಂಡು ಹಾರಿಸಿದ್ದನ್ನು ಅಲ್ಲಗಳೆಯಲೇ ಇಲ್ಲ. ತಮ್ಮ ಕಡೆಯ ಕೋರ್ಟು ವಿಚಾರಣೆ ಮಾಡಿ ಮರಣದಂಡನೆ ಕೊಟ್ಟಿತ್ತು, ತಾನು ಅದನ್ನು ಜಾರಿ ಮಾಡಿದೆ ಅಂದ. ವಿಡಿಯೊದಲ್ಲಿ ಗುಂಡು ಹಾರುವುದು ಕಾಣುತ್ತದೆ, ಅದಕ್ಕೂ ಮುಂಚೆ ವಿಚಾರಣೆ ನಡೆದಿತ್ತೋ ಇಲ್ಲವೋ ಅನ್ನುವುದು ಎಲ್ಲಿ ಕಾಣಬೇಕು? ಹಾಗಾಗಿ ಇಡೀ ಕೇಸು ತಾರೀಖಿನ ಮೇಲೆ ನಿಂತಿತು. ಸೈನಿಕರು ಸೆರೆಸಿಕ್ಕಿದ್ದು ಯಾವತ್ತು, ಸತ್ತದ್ದು ಯಾವತ್ತು? ಪತ್ರಿಕೆ ಮೊದಲು ಕೊಟ್ಟಿದ್ದ ತಾರೀಖೇ ತಪ್ಪಿತ್ತು, ಆಮೇಲೆ ತಿದ್ದಿಕೊಂಡಿತು. ಸೈನಿಕರು ಸೆರೆಸಿಕ್ಕ ಬಂಡುಕೋರರ ದಾಳಿಯ ಸಮಯದಲ್ಲಿ ಇಂಟರ್ನೆಟ್ಟಿಗೆ ಹಾಕಿದ್ದ ಬೇರೆ ವಿಡಿಯೊ, ಪೋಸ್ಟುಗಳನ್ನೆಲ್ಲ ಹುಡುಕಿ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ, ಸೆರೆಗೂ ಸಾವಿಗೂ ನಡುವೆ ಇದ್ದದ್ದು ಎರಡು ದಿನದಷ್ಟು ಅಂತರ ಅಷ್ಟೇ. ಅಷ್ಟರಲ್ಲಿ ಏಳು ಜನರ ನ್ಯಾಯಯುತ ವಿಚಾರಣೆ ಸಾಧ್ಯವಿರಲಿಲ್ಲ ಅಂತ ಕೋರ್ಟು ಹೇಳಿತು. 2017ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್ ಜಿಲ್ಲಾ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. ಹೌದು, ಜಿಲ್ಲಾ ಕೋರ್ಟು.

ಯುದ್ಧಾಪರಾಧ ಅಂದ ಕೂಡಲೇ ನಮಗೆ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ನೆನಪಾಗುತ್ತದೆ. ಆದರೆ ಸಿರಿಯಾ ಅದರ ಸದಸ್ಯ ದೇಶವಲ್ಲ. 2014ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮೂಲಕ ಕೇಸನ್ನು ಅಲ್ಲಿಗೆ ಕಳಿಸುವ ಪ್ರಯತ್ನಕ್ಕೆ ರಷ್ಯಾ, ಚೀನಾ ವೀಟೊ ಹಾಕಿದವು. ಆ ಬಾಗಿಲು ಮುಚ್ಚಿದ ಮೇಲೆ ಯುರೋಪಿನ ದೇಶಗಳು ತಮ್ಮ ಸ್ವಂತ ಕಾನೂನು ಬಳಸತೊಡಗಿದವು. ಅಪರಾಧ ಎಲ್ಲೇ ನಡೆದಿರಲಿ, ಆರೋಪಿ ನಮ್ಮ ನೆಲದಲ್ಲಿ ಸಿಕ್ಕರೆ ವಿಚಾರಣೆ ಮಾಡುತ್ತೇವೆ ಎಂಬ ತತ್ವ ಅದು. ಜರ್ಮನಿಯ ಕೊಬ್ಲೆನ್ಸ್ ಕೋರ್ಟು 2022ರ ಜನವರಿಯಲ್ಲಿ ಸಿರಿಯಾದ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೆ ಜೀವಾವಧಿ ಕೊಟ್ಟದ್ದೂ ಹೀಗೆಯೇ. ನಮ್ಮಲ್ಲೂ ಯುದ್ಧದ ನಿಯಮಗಳಾದ ಜಿನೀವಾ ಒಪ್ಪಂದಗಳಿಗಾಗಿ ಮಾಡಿದ 1960ರ ಕಾಯ್ದೆ ಇದೆ. ದೇಶದ ಹೊರಗೆ ನಡೆದ ಘೋರ ಉಲ್ಲಂಘನೆಗೂ ಅದು ಅನ್ವಯಿಸುತ್ತದೆ, ಆದರೆ ಸರ್ಕಾರದ ಕಡೆಯಿಂದ ದೂರು ಬಾರದೆ ಕೋರ್ಟು ಕೈಗೆತ್ತಿಕೊಳ್ಳುವಂತಿಲ್ಲ. ವಕೀಲನಾಗಿ ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಸಾಕ್ಷ್ಯದ ವಿಷಯಕ್ಕೇ ಬರುತ್ತೇನೆ, ಮನಸ್ಸಿಗೆ ಚುಚ್ಚುವುದು ಅದೇ. ಕೆಲವು ವರ್ಷದ ಹಿಂದೆ ಒಂದು ಕೊಲೆ ಕೇಸಿನಲ್ಲಿ ಸತ್ತವನ ಮನೆಯವರು ನನ್ನ ಹತ್ತಿರ ಬಂದಿದ್ದರು. ಅಂಗಡಿಯೊಂದರ ಸಿಸಿಟಿವಿಯಲ್ಲಿ ಎಲ್ಲ ಸೆರೆಯಾಗಿತ್ತು. ತನಿಖೆ ಮಾಡಿದವರು ಅದನ್ನು ಸುಮ್ನೆ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದಿದ್ದರು. ರೆಕಾರ್ಡಿಂಗ್ ಉಳಿಸುವ ಪೆಟ್ಟಿಗೆ, ಅಂದರೆ ಡಿವಿಆರ್ ಜಪ್ತಿ ಮಾಡಲಿಲ್ಲ, ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಹಳೆಯ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ 65ಬಿ ಸರ್ಟಿಫಿಕೇಟ್ ಇಲ್ಲ. ವಿಚಾರಣೆ ಶುರುವಾಗುವಷ್ಟರಲ್ಲಿ ಡಿವಿಆರ್ ಮೇಲೆ ಹೊಸ ರೆಕಾರ್ಡಿಂಗ್ ಕೂತು ಹಳೆಯದು ಅಳಿಸಿಹೋಗಿತ್ತು. ಆರೋಪಿ ಖುಲಾಸೆಯಾದ. ಕೋರ್ಟಿನ ಹೊರಗೆ ಆ ಹುಡುಗನ ತಾಯಿ, ಎಲ್ಲರೂ ನೋಡಿದಾರಲ್ಲ ಸಾರ್, ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಆ ಸರ್ಟಿಫಿಕೇಟ್ ಜೊತೆ ಹ್ಯಾಶ್ ವ್ಯಾಲ್ಯೂ ಕೂಡ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ. ಒಂದು ಚುಕ್ಕೆ ಬದಲಾದರೂ ಇಡೀ ಸಂಖ್ಯೆ ಬದಲಾಗುತ್ತದೆ. ಹೇಗ್‌ನಲ್ಲಿ ನಿಯಮ ಇಷ್ಟು ಬಿಗಿ ಇಲ್ಲ. ನ್ಯಾಯಾಧೀಶರು ಸಾಕ್ಷ್ಯವನ್ನು ಒಳಗೆ ಬಿಟ್ಟುಕೊಂಡು ಎಷ್ಟು ನಂಬಬೇಕು ಅಂತ ಆಮೇಲೆ ತೂಗುತ್ತಾರೆ. 2017ರ ಆಗಸ್ಟ್‌ನಲ್ಲಿ ಲಿಬಿಯಾದ ಕಮಾಂಡರ್ ಮಹಮೂದ್ ಅಲ್ ವರ್ಫಲ್ಲಿ ಮೇಲೆ ಹೊರಡಿಸಿದ ಬಂಧನ ವಾರಂಟು ಹೆಚ್ಚಾಗಿ ಸೋಶಿಯಲ್ ಮೀಡಿಯಾದ ವಿಡಿಯೊಗಳನ್ನೇ ನೆಚ್ಚಿಕೊಂಡಿತ್ತು. ಅದೇ ತಿಂಗಳು ಯೂಟ್ಯೂಬ್‌ನ ತಂತ್ರಾಂಶ ಸಿರಿಯಾದ ಸಾವಿರಾರು ವಿಡಿಯೊಗಳನ್ನು ಹಿಂಸೆ ಅಂತ ಅಳಿಸಿಹಾಕಿತ್ತು. ಒಂದು ಕಡೆ ಕೋರ್ಟು ಅವನ್ನು ನಂಬುತ್ತಿದೆ, ಇನ್ನೊಂದು ಕಡೆ ಅವೇ ಮಾಯವಾಗುತ್ತಿವೆ. ಸಿರಿಯನ್ ಆರ್ಕೈವ್‌ನಂಥ ಗುಂಪುಗಳು ಅವುಗಳ ಪ್ರತಿ ಇಟ್ಟುಕೊಳ್ಳದೇ ಹೋಗಿದ್ದರೆ ಹಾನಿ ಇನ್ನೂ ಜಾಸ್ತಿ ಆಗುತ್ತಿತ್ತು. ವರ್ಫಲ್ಲಿ 2021ರಲ್ಲಿ ಬೆಂಗಾಜಿಯಲ್ಲಿ ಕೊಲೆಯಾದ, ವಿಚಾರಣೆ ನಡೆಯಲೇ ಇಲ್ಲ.

ನನಗೆ ತುಂಬ ಭರವಸೆ ಕೊಟ್ಟ ಕೇಸು ಕಾಂಗೊದ್ದು. ಫೋಟೊ ತೆಗೆದ ಕ್ಷಣದಲ್ಲೇ ಜಾಗ, ಸಮಯ, ಹ್ಯಾಶ್ ದಾಖಲಿಸುವ ಐವಿಟ್ನೆಸ್ ಎಂಬ ಆಪ್ 2015ರಲ್ಲಿ ಬಂತು. ಹಳ್ಳಿಗಳ ಮೇಲೆ ದಾಳಿ ಮಾಡಿದ ಇಬ್ಬರು ಸಶಸ್ತ್ರ ಗುಂಪಿನ ಕಮಾಂಡರುಗಳಿಗೆ 2018ರಲ್ಲಿ ಕಾಂಗೊದ ಬುಕಾವು ನಗರದ ಮಿಲಿಟರಿ ಕೋರ್ಟು ಶಿಕ್ಷೆ ಕೊಟ್ಟಾಗ ಆ ಆಪ್‌ನ ಫೋಟೊಗಳೂ ಸಾಕ್ಷ್ಯದಲ್ಲಿದ್ದವು.

2024ರ ಡಿಸೆಂಬರ್‌ನಲ್ಲಿ ಸಿರಿಯಾದ ಅಸ್ಸಾದ್ ಸರ್ಕಾರ ಬಿದ್ದಾಗ ಅಲ್ಲಿನ ಸೈದ್ನಾಯ ಜೈಲಿನ ದೃಶ್ಯಗಳನ್ನು ರಾತ್ರಿಯೆಲ್ಲ ನೋಡುತ್ತಾ ಕೂತಿದ್ದೆ. ನೆಲದ ತುಂಬ ಕಾಗದ, ರಿಜಿಸ್ಟರು. ಜನ ಕಾಣೆಯಾದವರ ಹೆಸರು ಹುಡುಕುತ್ತಾ ಅವುಗಳ ಮೇಲೇ ಓಡಾಡುತ್ತಿದ್ದರು, ಕೆಲವನ್ನು ಎತ್ತಿಕೊಂಡೂ ಹೋದರು. ಮುದ್ದೆಮಾಲು ಹಾಳಾಗುತ್ತಿದೆ ಅಂತ ನನ್ನೊಳಗಿನ ವಕೀಲ ಒದ್ದಾಡುತ್ತಿದ್ದ. ಆದರೆ ಮಗನ ಹೆಸರು ಹುಡುಕುವ ತಾಯಿಗೆ ಕಾಗದ ಮುಟ್ಟಬೇಡಮ್ಮ ಅಂತ ನಾನಾದರೂ ಹೇಗೆ ಹೇಳಲಿ? ಎತ್ತಿಕೊಳ್ಳುವ ಮುಂಚೆ ಬಿದ್ದಲ್ಲೇ ಒಂದು ಫೋಟೊ ತೆಗೀರಿ, ಯಾವ ಕೋಣೆ, ಯಾವ ಕಪಾಟು ಅಂತ ಕಾಣುವ ಹಾಗೆ ಇನ್ನೊಂದು ತೆಗೀರಿ, ವಾಟ್ಸಾಪ್‌ನಲ್ಲಿ ಯಾರಿಗೆ ಕಳಿಸಿದರೂ ಫೋನಿನಲ್ಲಿರುವ ಮೂಲ ಫೋಟೊ ಅಳಿಸಬೇಡಿ, ಅಷ್ಟು ಹೇಳುತ್ತಿದ್ದೆ.