ಚಿಂಚೋಳಿಯ ಇಸಿಜಿ, ಕಲಬುರಗಿಯ ಫೋನು

ಎದೆನೋವು ಬಂದರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: ‘ಏನಿಲ್ಲ, ಗ್ಯಾಸ್ ಆಗ್ಯಾದ.’ ಸೋಡಾ ತರಿಸುತ್ತಾರೆ, ತೇಗು ಬರಲಿ ಅಂತ ಕಾಯುತ್ತಾರೆ. ಎರಡು ತಾಸು ಹಂಗೇ ಹೋಗುತ್ತದೆ. ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡರೆ ಅರ್ಧ ತಾಸಿನಲ್ಲೇ ಸ್ನಾಯು ಸಾಯತೊಡಗುತ್ತದೆ. ಕೊನೆಗೆ ಚಿಂಚೋಳಿಯಲ್ಲಿ ಆಸ್ಪತ್ರೆ ಸೇರಿದರೆ, ಹೃದಯದ ಸ್ಪೆಷಲಿಸ್ಟ್ ಇರುವುದು 80 ಕಿ.ಮೀ. ಆಚೆ, ಕಲಬುರಗಿಯಲ್ಲಿ.

ಡಾಕ್ಟರು ಮತ್ತು ಸೋಷಿಯಲ್ ಮೀಡಿಯಾ ಅಂದ ಕೂಡಲೇ ನಮಗೆ ರೀಲ್ಸ್ ನೆನಪಾಗುತ್ತದೆ, ಅಲ್ವಾ? ಆದರೆ ಜೀವ ಉಳಿಸುವ ಕೆಲಸ ಜಾಸ್ತಿ ನಡೆಯುವುದು ಯಾರಿಗೂ ಕಾಣದ ಕಡೆ, ಒಬ್ಬ ಡಾಕ್ಟರು ಇನ್ನೊಬ್ಬರಿಗೆ ಕಳಿಸುವ ಮೆಸೇಜಿನಲ್ಲಿ.

ಚಿಂಚೋಳಿಯ ಡಾಕ್ಟರು ಇಸಿಜಿಯ ಫೋಟೊ ತೆಗೆದು ಕಲಬುರಗಿಯ ಸ್ಪೆಷಲಿಸ್ಟ್ ಫೋನಿಗೆ ಕಳಿಸುತ್ತಾರೆ. ಹೃದಯದ ಬಡಿತ ಗೆರೆಯಾಗಿ ಮೂಡುವ ಆ ಇಸಿಜಿ ಕಾಗದ ನೋಡಿದ್ದೀರಲ್ಲ, ಗುಲಾಬಿ ಬಣ್ಣದ ಚೌಕಳಿ. ಒಂದು ಸಣ್ಣ ಚೌಕ ಅಂದರೆ 1 ಮಿ.ಮೀ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುವುದರಿಂದ ಅದು 0.04 ಸೆಕೆಂಡಿಗೆ ಸಮ. ಪ್ರತಿ ಬಡಿತದ ಚೂಪು ಗೆರೆಯ ನಂತರ ಸಪಾಟಾಗಿ ಇರಬೇಕಾದ ಒಂದು ತುಣುಕು ಇದೆ, ಅದಕ್ಕೆ ಎಸ್‌ಟಿ ಅಂತಾರೆ. ಅಕ್ಕಪಕ್ಕದ ಎರಡು ಲೀಡ್‌ಗಳಲ್ಲಿ, ಅಂದರೆ ಹೃದಯವನ್ನು ಬೇರೆ ಬೇರೆ ಕೋನದಿಂದ ತೋರಿಸುವ ಗೆರೆಗಳಲ್ಲಿ, ಅದು ಒಂದೆರಡು ಚೌಕ ಮೇಲೆದ್ದರೂ ದೊಡ್ಡ ಹಾರ್ಟ್ ಅಟ್ಯಾಕ್ ಅಂತ ಅನುಮಾನ. ಇಷ್ಟು ಸಣ್ಣ ಏರಿಕೆಯ ಮೇಲೆ ಟ್ಯೂಬ್‌ಲೈಟ್ ನೆರಳು ಬಿದ್ದರೆ ಮುಗಿಯಿತು. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ, ಅಂಚುಗಳು ಮಸುಕಾಗುತ್ತವೆ. ಅದಕ್ಕೇ ಫೋಟೊ ಬದಲು ‘ಡಾಕ್ಯುಮೆಂಟ್’ ಅಂತ ಕಳಿಸುವುದು ಮೇಲು.

ಕಲಬುರಗಿಯಿಂದ ‘ಹೌದು, ಹಾರ್ಟ್ ಅಟ್ಯಾಕೇ’ ಅಂತ ಬಂದರೆ, ರಕ್ತಸ್ರಾವದ ಅಪಾಯ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಚಿಂಚೋಳಿಯಲ್ಲೇ ಕೊಡಬಹುದು. ತೂಕ ನೋಡಿ ಸಾಮಾನ್ಯವಾಗಿ 30ರಿಂದ 50 ಮಿ.ಗ್ರಾಂ., ಒಂದೇ ಸಲಕ್ಕೆ. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಡಾಕ್ಟರುಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್ ಗುಂಪು ಕಟ್ಟಿ ಇದನ್ನು ಮಾಡಿ ತೋರಿಸಿದರು. ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ದಾರಿಯದು: ತಾಲೂಕಿನಲ್ಲಿ ಇಸಿಜಿ, ದೊಡ್ಡ ಆಸ್ಪತ್ರೆಯಲ್ಲಿ ಓದುವವರು, ಇಂಜೆಕ್ಷನ್ ಪುಕ್ಕಟೆ.

ತೊಡಕು ಆ ಕಾಗದದ ಮೂಲೆಯಲ್ಲಿದೆ. ಅಲ್ಲಿ ಹೆಸರು, ವಯಸ್ಸು ಇರುತ್ತದೆ. ನಮ್ಮಲ್ಲಿ ಅಡ್ಡಹೆಸರು, ಊರು ಗೊತ್ತಾದರೆ ಸಾಕು, ಮನೆಯ ಬಾಗಿಲೇ ಗೊತ್ತಾದಂತೆ. ವಾಟ್ಸ್‌ಆ್ಯಪ್ 2016ರಿಂದ ಸಂದೇಶಗಳಿಗೆ ಗೂಢಲಿಪಿಯ ಬೀಗ ಹಾಕಿದೆ, ನಿಜ. ಆ ಬೀಗ ದಾರಿಗೆ ಮಾತ್ರ. ಡಾಕ್ಟರ ಫೋನಿನ ಗ್ಯಾಲರಿಯಲ್ಲಿ ಮಕ್ಕಳ ಹುಟ್ಟುಹಬ್ಬದ ಫೋಟೊ ಪಕ್ಕ ರೋಗಿಯ ರಿಪೋರ್ಟ್ ಬಿದ್ದಿದ್ದರೆ ಯಾವ ಬೀಗವೂ ಇಲ್ಲ. ಮೂಲೆ ಮಡಚಿ ಫೋಟೊ ತೆಗೆಯಲು ಎಷ್ಟು ಹೊತ್ತು?

ಫೋನಿನಲ್ಲಿ ರೋಗಿಗಳನ್ನು ನೋಡುವುದಕ್ಕೆ ಸ್ಪಷ್ಟ ನಿಯಮ ಬಂದದ್ದು 2020ರ ಮಾರ್ಚ್ 25ರಂದು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲಿ ಆಗಿ ಆಗಿನ್ನೂ ಹದಿನೈದು ದಿನ. ಆ ನಿಯಮದಲ್ಲಿ ವಾಟ್ಸ್‌ಆ್ಯಪ್‌ಗೂ ಜಾಗ ಇದೆ. ಆದರೆ ಅಮಲಿನ ಔಷಧಿಗಳನ್ನು ಹಾಗೆ ಬರೆದುಕೊಡುವಂತಿಲ್ಲ.

ಇನ್ನು ರೀಲ್ಸ್. ಲೈಕು, ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಬಾರದು, ರೋಗಿಗಳ ಫೋಟೊ ಹಾಕಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ನಿಯಮ ತಂದಿತು. ಅದೇ ತಿಂಗಳು ಅದನ್ನು ತಡೆಹಿಡಿಯಿತು. ಆಪರೇಷನ್‌ನ ಹಿಂದೆ–ಮುಂದೆ ತೋರಿಸುವ ವಿಡಿಯೊ ನನಗಂತೂ ಸುಮ್ನೆ ಜಾಹೀರಾತು ಅನ್ನಿಸುತ್ತದೆ. ಬೇಕಾದ್ದು ಬೇರೆಯೇ ಇದೆ. ಹಾವು ಕಚ್ಚಿದರೆ ಆ ಹಾವನ್ನು ಹುಡುಕಿ, ಹೊಡೆದು, ಚೀಲದಲ್ಲಿ ತರುವವರು ಇನ್ನೂ ಇದ್ದಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೂ ನಮ್ಮಲ್ಲಿ ಕೊಡುವ ಔಷಧಿ ಒಂದೇ. ‘ಹಾವ್ ಹುಡುಕ್ಕೊಂತ ಕೂಡಬ್ಯಾಡ್ರಿ, ಸೀದಾ ದವಾಖಾನಿಗೆ ಬರ್ರಿ’ ಅಂತ ಯಾದಗಿರಿಯ ಡಾಕ್ಟರೊಬ್ಬರು ಅರ್ಧ ನಿಮಿಷ ಮಾತಾಡಿ, ತೊಗರಿ ಬಿತ್ತನೆಗೆ ಮುಂಚೆ, ಜೂನ್ ಮೊದಲ ವಾರದಲ್ಲೇ ಹಾಕಲಿ. ಹೊಲಕ್ಕೆ ಹೋಗುವವರ ಫೋನಿಗೆ ಅದು ಮಳೆಗಿಂತ ಮೊದಲು ತಲುಪಬೇಕು.