ಕೈ ಜೋಮು ಹಿಡಿದರೆ ಹ್ಯಾಂಡಲ್‌ಬಾರ್ ಎತ್ತರಿಸಬೇಕೇ?

ಪ್ರಶ್ನೆ: ನನ್ನದು ಟೂರಿಂಗ್ ಬೈಕ್. ಹೆದ್ದಾರಿಯಲ್ಲಿ ಒಂದೂವರೆ ಗಂಟೆ ಓಡಿಸುವಷ್ಟರಲ್ಲಿ ಎರಡೂ ಕೈ ಜೋಮು ಹಿಡಿಯುತ್ತವೆ, ಹೆಗಲು ಬಿಗಿಯುತ್ತದೆ. ಬುಡಕ್ಕೆ ರೈಸರ್ ಎಂಬ ಎತ್ತರಿಸುವ ತುಂಡು ಹಾಕಿಸಿ ಹ್ಯಾಂಡಲ್‌ಬಾರ್ ಎತ್ತರಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಸರಿಹೋಗಬಹುದು. ಆದರೆ ಈ ತೊಂದರೆಗೆ ಎಲ್ಲರೂ ಮೊದಲು ಕೊಳ್ಳುವುದು ರೈಸರ್. ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೊಳ್ಳಬೇಕಾದದ್ದು. ಜೋಮು ಕಾಣಿಸಿಕೊಳ್ಳುವುದು ಕೈಯಲ್ಲಾದರೂ ಅದರ ಬೇರು ಬಹಳ ಸಲ ಸೀಟಿನಲ್ಲಿರುತ್ತದೆ.

ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ ನೋಡಿ. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಅದಿಲ್ಲದಿದ್ದರೆ ಯಾರಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಪಾದಗಳನ್ನು ಫುಟ್‌ಪೆಗ್ ಮೇಲಿಟ್ಟು ದಿನವೂ ಕೂರುವಂತೆಯೇ ಕುಳಿತು, ಎರಡೂ ಕೈಗಳನ್ನು ಗ್ರಿಪ್‌ನಿಂದ ಒಂದು ಅಂಗುಲ ಮೇಲೆತ್ತಿ. ಮೈ ಇದ್ದಲ್ಲೇ ನಿಂತರೆ ಸರಿ. ಮುಂದಕ್ಕೆ ವಾಲಿ, ತಟ್ಟನೆ ಹ್ಯಾಂಡಲ್ ಹಿಡಿಯಬೇಕಾಗಿ ಬಂದರೆ, ದಾರಿಯುದ್ದಕ್ಕೂ ಆ ಭಾರವನ್ನು ಹೊರುತ್ತಿರುವುದು ನಿಮ್ಮ ಮಣಿಕಟ್ಟುಗಳು ಎಂದೇ ಅರ್ಥ.

ಇದಕ್ಕೆ ಸಾಮಾನ್ಯ ಕಾರಣ ಟ್ಯಾಂಕಿನ ಕಡೆಗೆ ಇಳಿಜಾರಾಗಿರುವ ಸೀಟು. ಬ್ರೇಕ್ ಹಿಡಿದಾಗಲೆಲ್ಲ ಸವಾರ ಒಂದಿಷ್ಟು ಮುಂದಕ್ಕೆ ಜಾರುತ್ತಾನೆ. ಮತ್ತೆ ಹಿಂದಕ್ಕೆ ಹೋಗದಿರಲು ಸೋಮಾರಿತನವೇ ಸಾಕು. ಆಮೇಲೆ ತೋಳುಗಳು ಎರಡು ಊರುಗೋಲುಗಳಾಗುತ್ತವೆ, ಮೊಣಕೈ ಸೆಟೆದು ನಿಲ್ಲುತ್ತದೆ, ಹೆಗಲು ಕಿವಿಯ ಹತ್ತಿರಕ್ಕೆ ಏರುತ್ತದೆ. ಸೀಟಿನ ಫೋಮನ್ನು ಮಟ್ಟಸ ಮಾಡಿಸುವುದು, ಜಾರದ ಹೊದಿಕೆ ಹಾಕಿಸುವುದು ರೈಸರ್‌ಗಿಂತ ಹೆಚ್ಚು ಫಲ ಕೊಡುತ್ತವೆ. ಬ್ರೇಕ್ ಹಿಡಿಯುವಾಗ ತೊಡೆ ಮತ್ತು ಮೊಣಕಾಲಿನಿಂದ ಟ್ಯಾಂಕನ್ನು ಅವುಚಿ ಹಿಡಿಯಿರಿ. ಮುನ್ನುಗ್ಗುವ ಮೈಯನ್ನು ತಡೆಯುವ ಕೆಲಸ ಕಾಲುಗಳದ್ದು, ಕೈಗಳದ್ದಲ್ಲ. ಹಾಗೆಂದು ಮೆತ್ತನೆಯ ಸೀಟಿಗೆ ಮರುಳಾಗಬೇಡಿ. ಅಂಗಡಿಯಲ್ಲಿ ಹಿತವೆನಿಸುವ ಫೋಮ್ ಒಂದು ಗಂಟೆಯಲ್ಲಿ ಪೂರ್ತಿ ಕುಸಿದು, ಕೂರುವ ಮೂಳೆಗಳಿಗೆ ತಳದ ಹಲಗೆ ಒತ್ತತೊಡಗುತ್ತದೆ.

ಇನ್ನು ಕೈಗೆ ಬರೋಣ. ಯಾವ ಬೆರಳು ಜೋಮು ಹಿಡಿಯುತ್ತದೆ ಎಂಬುದನ್ನು ಗಮನಿಸಿದ್ದೀರಾ? ಕಿರುಬೆರಳು ಮತ್ತು ಉಂಗುರ ಬೆರಳಾದರೆ, ಅಂಗೈಯ ಬುಡದಲ್ಲಿ ಕಿರುಬೆರಳಿನ ಬದಿಗೆ ಹಾದುಹೋಗುವ ಅಲ್ನರ್ ನರದ ಮೇಲೆ ಭಾರ ಬೀಳುತ್ತಿರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಾದರೆ ಅದು ಮೀಡಿಯನ್ ನರ. ಮಣಿಕಟ್ಟು ಬಾಗಿದಷ್ಟೂ ಅದಕ್ಕೆ ಇಕ್ಕಟ್ಟು. ಬಲಗೈ ಮಾತ್ರ ಎಂದಾದರೆ ಥ್ರಾಟಲನ್ನು (ಆಕ್ಸಿಲರೇಟರ್) ಗಂಟೆಗಟ್ಟಲೆ ಒಂದೇ ಕೋನದಲ್ಲಿ ಬಿಗಿಹಿಡಿದದ್ದನ್ನೇ ಮೊದಲು ಶಂಕಿಸಬೇಕು.

ಮಣಿಕಟ್ಟು ಬಾಗುವುದಕ್ಕೆ ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳು ಹಲವು ಸಲ ಕಾರಣ, ಆದರೂ ಅವುಗಳನ್ನು ಮುಟ್ಟುವವರೇ ಕಡಿಮೆ. ಸೀಟಿನ ಮೇಲೆ ಕುಳಿತು, ಕಣ್ಣು ಮುಚ್ಚಿ ಗ್ರಿಪ್ ಹಿಡಿದು, ಬೆರಳುಗಳನ್ನು ಚಾಚಿ. ಮುಂದೋಳು, ಮುಂಗೈ, ಬೆರಳು ಒಂದೇ ಗೆರೆಯಲ್ಲಿರಬೇಕು. ಬೆರಳು ಸಹಜವಾಗಿ ಬೀಳುವ ಜಾಗದಲ್ಲೇ ಲಿವರ್ ಸಿಗಬೇಕು. ಅದನ್ನು ಹಿಡಿಯಲು ಬೆರಳು ಮೇಲೆತ್ತಬೇಕಾದರೆ ಲಿವರನ್ನು ಹ್ಯಾಂಡಲ್‌ಗೆ ಬಿಗಿದಿರುವ ಕ್ಲ್ಯಾಂಪಿನ ಬೋಲ್ಟ್‌ಗಳನ್ನು ಸ್ವಲ್ಪ ಸಡಿಲಿಸಿ, ಲಿವರನ್ನು ಕೆಳಕ್ಕೆ ತಿರುಗಿಸಿ ಮತ್ತೆ ಬಿಗಿಯಿರಿ. ಕೆಲವೇ ನಿಮಿಷಗಳ ಕೆಲಸ, ಆದರೆ ಸವಾರಿಯೇ ಬೇರೆ ಅನಿಸೀತು.

ಎಂಜಿನ್ನಿನ ಕಂಪನವೂ ಜೋಮಿಗೆ ಕಾರಣವಾಗುತ್ತದೆ. ಗ್ರಿಪ್ ಬಿಗಿಹಿಡಿದಷ್ಟೂ ಅದು ಕೈಗೆ ಹೆಚ್ಚು ಏರುತ್ತದೆ. ಹ್ಯಾಂಡಲ್ ತುದಿಗಳಿಗೆ ತೂಕದ ಬಾರ್-ಎಂಡ್ ಹಾಕಿದರೆ ಒಂದಿಷ್ಟು ತಗ್ಗುತ್ತದೆ, ಗೇರ್ ಬದಲಿಸಿ ಬೇರೆ ಆರ್‌ಪಿಎಂನಲ್ಲಿ (ಎಂಜಿನ್ ಸುತ್ತುವ ವೇಗ) ಓಡಿಸಿದರೂ ತಗ್ಗಬಹುದು. ಕೈಗವಸಿನ ಹೊಲಿಗೆ ಅಂಗೈಗೆ ಒತ್ತುತ್ತಿದೆಯೇ ಎಂದೂ ನೋಡಿಕೊಳ್ಳಿ.

ಈಗ ರೈಸರ್. ಹ್ಯಾಂಡಲ್ ಎತ್ತರಿಸಿದರೆ ಕೈ ಮೇಲಿನ ಭಾರ ಇಳಿಯುವುದು ನಿಜ, ಆದರೆ ಅದು ಮಾಯವಾಗುವುದಿಲ್ಲ. ಬೆನ್ನು ನೆಟ್ಟಗಾದಷ್ಟೂ ರಸ್ತೆಯ ಪೆಟ್ಟು ನೇರವಾಗಿ ಬೆನ್ನುಮೂಳೆಗೆ ತಾಗುತ್ತದೆ. ಸೊಂಟದಿಂದ ತುಸು ಮುಂದಕ್ಕೆ ಬಾಗಿ ಕೂತವರು ಆ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತಾರೆ. ಎರಡನೆಯದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 60 ಕಿ.ಮೀ. ವೇಗದಲ್ಲಿದ್ದ ಒತ್ತಡ 120ರಲ್ಲಿ ನಾಲ್ಕು ಪಟ್ಟು. ನೆಟ್ಟಗೆ ಕೂತವನ ಎದೆ ಆ ಗಾಳಿಗೆ ಪೂರ್ತಿ ತೆರೆದಿರುತ್ತದೆ, ಹಿಂದಕ್ಕೆ ಬೀಳದಿರಲು ಅವನು ಹ್ಯಾಂಡಲನ್ನು ಎಳೆದು ಹಿಡಿಯುತ್ತಾನೆ. ಮೊದಲು ಒತ್ತಿ ಬಂದ ಜೋಮು ಈಗ ಹಿಡಿತದಿಂದ ಬರುತ್ತದೆ, ಅಷ್ಟೇ ವ್ಯತ್ಯಾಸ. ಒಳ್ಳೆಯ ವಿಂಡ್‌ಸ್ಕ್ರೀನ್ ಇದ್ದರೆ ಈ ಮಾತು ಅಷ್ಟಾಗಿ ಅನ್ವಯಿಸದು.

ಸವಾರಿ ಮುಗಿದ ಮೇಲೂ ಬಹಳ ಹೊತ್ತು ಜೋಮು ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಕೈಯಿಂದ ವಸ್ತುಗಳು ಜಾರತೊಡಗಿದರೆ ಬೈಕನ್ನು ಬಿಟ್ಟು ವೈದ್ಯರ ಬಳಿಗೆ ಹೋಗಿ. ಸೀಟು, ಲಿವರ್ ಎಲ್ಲ ಸರಿಮಾಡಿದ ಮೇಲೂ ಹ್ಯಾಂಡಲ್ ದೂರವೆನಿಸಿದರೆ ಮಾತ್ರ ರೈಸರ್ ಹಾಕಿಸಿ, 20 ಮಿ.ಮೀ. ಆಸುಪಾಸಿನದರಿಂದ ಶುರುಮಾಡಿ. ಹಾಕಿಸಿದ ಕೂಡಲೇ ರಸ್ತೆಗಿಳಿಯಬೇಡಿ. ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ತಾನಾಗಿ ಏರಿದರೆ ಥ್ರಾಟಲ್ ಕೇಬಲ್ ಎಳೆಯಲ್ಪಡುತ್ತಿದೆ. ಬ್ರೇಕಿನ ಕೊಳವೆ ಬಿಗಿಯಾದರೂ ಅಷ್ಟೇ, ಉದ್ದನೆಯದನ್ನು ಹಾಕಿಸುವವರೆಗೆ ಬೈಕ್ ನಿಂತಲ್ಲೇ ಇರಲಿ.