ಗಾಜಿನ ಮನೆಯಿಂದ ಧ್ವನಿಮತದವರೆಗೆ: ಆತ್ಮಸಾಕ್ಷಿಯ ಮತ ನಡೆದುಬಂದ ದಾರಿ

ಶಾಸಕರೊಬ್ಬರು ಅಡ್ಡಮತ ಹಾಕಿದಾಗಲೆಲ್ಲ ವಿಧಾನಸೌಧದ ಮೊಗಸಾಲೆಯಲ್ಲಿ ‘ಆತ್ಮಸಾಕ್ಷಿಯ ಮತ’ ಎಂಬ ಮಾತು ಕೇಳಿಬರುತ್ತದೆ. ಜನ ಅದನ್ನು ನಂಬುವುದನ್ನು ಬಿಟ್ಟು ಬಹಳ ಕಾಲವಾಗಿದೆ. ಆದರೆ ಈ ಮಾತನ್ನು ದೇಶದುದ್ದಕ್ಕೂ ಮನೆಮಾತಾಗಿಸಿದ ಬಿಕ್ಕಟ್ಟು ಹುಟ್ಟಿದ್ದು ಬೆಂಗಳೂರಿನಲ್ಲಿ.

1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ನಿಧನರಾದರು. ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ (ಎಐಸಿಸಿ) ಅಧಿವೇಶನ ನಡೆದಾಗ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಅದೇ ದಿನಗಳಲ್ಲಿ ನಗರದಲ್ಲಿ ಸೇರಿದ್ದ ಪಕ್ಷದ ಸಂಸದೀಯ ಮಂಡಳಿಯು ಪ್ರಧಾನಿ ಇಂದಿರಾ ಗಾಂಧಿಯವರ ಇಚ್ಛೆಯನ್ನು ಬದಿಗಿಟ್ಟು, ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಸ್ಥಾನದ ಅಭ್ಯರ್ಥಿಯನ್ನಾಗಿ ಬಹುಮತದಿಂದ ಆರಿಸಿತು. ಇಂದಿರಾ ಅವರೇ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದರು. ಆದರೆ ನಿಜಲಿಂಗಪ್ಪನವರು ವಿರೋಧಿ ಪಾಳಯದ ಜನಸಂಘ ಮತ್ತು ‘ಸ್ವತಂತ್ರ ಪಕ್ಷ’ಗಳ ಎರಡನೇ ಪ್ರಾಶಸ್ತ್ಯದ ಮತ (ಮೊದಲ ಆಯ್ಕೆಯ ಅಭ್ಯರ್ಥಿ ಸೋತರೆ ಲೆಕ್ಕಕ್ಕೆ ಬರುವ ಮತ) ಕೇಳಲು ಹೋದದ್ದನ್ನು ಮುಂದಿಟ್ಟುಕೊಂಡು, ಆತ್ಮಸಾಕ್ಷಿ ಹೇಳಿದಂತೆ ಮತ ಹಾಕುವ ಕರೆ ಇಂದಿರಾ ಪಾಳಯದಿಂದ ಹೊರಟಿತು. ಆಗಸ್ಟ್ 16ರಂದು ಮತದಾನ ನಡೆಯಿತು. ಪಕ್ಷೇತರರಾಗಿ ನಿಂತಿದ್ದ ವಿ.ವಿ. ಗಿರಿ, ಎರಡನೇ ಪ್ರಾಶಸ್ತ್ಯದ ಎಣಿಕೆಯ ಬಳಿಕ 4,05,427ಕ್ಕೆ ಎದುರಾಗಿ 4,20,077 ಮತಮೌಲ್ಯ (ಸಂಸದರು, ಶಾಸಕರ ಮತಗಳ ತೂಕದ ಮೊತ್ತ) ಪಡೆದು ಗೆದ್ದರು. ನವೆಂಬರ್ 12ರಂದು ಇಂದಿರಾ ಅವರ ಉಚ್ಚಾಟನೆಯಾಯಿತು, ಪಕ್ಷ ಒಡೆಯಿತು.

ಸಮಿತಿಯಲ್ಲಿ ಕೂತು ಮಾಡಿದ ತೀರ್ಮಾನಕ್ಕೆ ಎಲ್ಲರೂ ಬದ್ಧರಾಗಿರಬೇಕೆಂಬ ನಿಜಲಿಂಗಪ್ಪನವರ ಪಟ್ಟಿನಲ್ಲಿ ನ್ಯಾಯವಿತ್ತು. ಇಂದಿರಾ ಅವರ ಕರೆಯಲ್ಲಿ ಅಧಿಕಾರದ ಲೆಕ್ಕಾಚಾರ ಇದ್ದೇ ಇತ್ತು. ಆದರೂ ರಾಷ್ಟ್ರಪತಿ ಚುನಾವಣೆ ಗುಪ್ತ ಮತದಾನವಾದ್ದರಿಂದ, ಮತಪತ್ರದ ಮುಂದೆ ನಿಂತ ಪ್ರತಿನಿಧಿ ಯಾರ ಕಣ್ಣಿಗೂ ಬೀಳದೆ ತೀರ್ಮಾನಿಸುವ ಅವಕಾಶ ನಿಜವಾಗಿಯೂ ಉಳಿದಿತ್ತು. ಆ ಅವಕಾಶ ಇತರ ಮತದಾನಗಳಲ್ಲಿ ಹೇಗೆ ಕಿರಿದಾಯಿತು ಎಂಬುದೇ ಮುಂದಿನ ಚರಿತ್ರೆ.

ಪಕ್ಷಾಂತರದ ಪಿಡುಗಿಗೆ ಮದ್ದಾಗಿ 1985ರಲ್ಲಿ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೇ ಅನುಸೂಚಿಯನ್ನು ಸೇರಿಸಿತು. ಸದನದಲ್ಲಿ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಪಕ್ಷವು 15 ದಿನಗಳೊಳಗೆ ಮನ್ನಿಸದ ಹೊರತು, ಸದಸ್ಯತ್ವಕ್ಕೆ ಸಂಚಕಾರ. ಈ ಕಟ್ಟುಪಾಡು ವಿಶ್ವಾಸಮತದಂಥ ಸಂದರ್ಭಕ್ಕಷ್ಟೇ ಸೀಮಿತವಾಗಲಿ ಎಂದು 1990ರಲ್ಲಿ ದಿನೇಶ್ ಗೋಸ್ವಾಮಿ ಸಮಿತಿ ಶಿಫಾರಸು ಮಾಡಿತು; 1992ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಾಯ್ದೆಯನ್ನು ಎತ್ತಿಹಿಡಿಯುತ್ತಲೇ, ಸರ್ಕಾರದ ಉಳಿವು ಮತ್ತು ಪಕ್ಷದ ಮೂಲ ನೀತಿಗಳ ಆಚೆಗೆ ವಿಪ್ ಚಾಚದಿರುವುದು ಒಳಿತೆಂದಿತು. ವಿಪ್ ಕುರಿತ ಕಾಯ್ದೆಯ ಅಕ್ಷರ ಮಾತ್ರ ಬದಲಾಗಲಿಲ್ಲ.

ರಾಜ್ಯಸಭಾ ಚುನಾವಣೆಗೆ ಈ ಅನುಸೂಚಿ ಅನ್ವಯಿಸದು. ಆದರೆ ಹಣದ ಪ್ರಭಾವ ತಡೆಯುವ ಉದ್ದೇಶದಿಂದ 2003ರಲ್ಲಿ ಅಲ್ಲಿಯೂ ಬಹಿರಂಗ ಮತದಾನ ಬಂತು. ಶಾಸಕರು ಮತಪತ್ರದಲ್ಲಿ ಗುರುತು ಹಾಕಿ, ಪೆಟ್ಟಿಗೆಗೆ ಹಾಕುವ ಮೊದಲು ತಮ್ಮ ಪಕ್ಷದ ಅಧಿಕೃತ ಏಜೆಂಟರಿಗೆ ತೋರಿಸಲೇಬೇಕು. ತೋರಿಸಲು ಒಪ್ಪದಿದ್ದರೆ ಮತ ರದ್ದು, ಬೇರೆ ಪಕ್ಷದ ಏಜೆಂಟರಿಗೆ ತೋರಿಸಿದರೂ ರದ್ದು. ಆತ್ಮಸಾಕ್ಷಿಗೆ ಬೆಲೆ ತೆರಲು ಸಿದ್ಧನಿರುವವನು ಮಾತ್ರ ಅಡ್ಡಮತ ಹಾಕಬೇಕು ಎಂಬಂತಿದೆ ಈ ಏರ್ಪಾಟು. ಅದು ತಪ್ಪೆನ್ನಲಾರೆ. ಕೊಂಡುಕೊಂಡ ಮತವೂ ಅಂತಃಕರಣದ ಮತವೂ ಪೆಟ್ಟಿಗೆಯೊಳಗೆ ಒಂದೇ ರೀತಿ ಕಾಣುವಾಗ, ಕಾನೂನು ಅನುಮಾನದ ಕಡೆಗೆ ವಾಲುವುದು ಸಹಜ.

ಉಳಿದ ಒಂದೇ ಬಾಗಿಲು ರಾಜೀನಾಮೆ. ನೈತಿಕತೆಯ ಅತ್ಯುನ್ನತ ನಡೆ ಎನಿಸಿಕೊಂಡಿದ್ದ ಅದನ್ನೂ ಕರ್ನಾಟಕವೇ ಸವಕಲು ಮಾಡಿತು ಎಂಬುದು ನನಗೆ ನೋವಿನ ಸಂಗತಿ. 2008ರ ‘ಆಪರೇಷನ್ ಕಮಲ’ದಲ್ಲಿ ರಾಜೀನಾಮೆ ಕೊಟ್ಟವರು ಎದುರು ಪಕ್ಷದಿಂದ ಉಪಚುನಾವಣೆಗೆ ನಿಂತರು. 2019ರಲ್ಲಿ ಮತ್ತೆ ರಾಜೀನಾಮೆಗಳ ಸಾಲು ಬಂತು. ಜುಲೈ 23ರಂದು ಸಮ್ಮಿಶ್ರ ಸರ್ಕಾರ 99–105ರಿಂದ ಬಿತ್ತು, ಅದೇ ತಿಂಗಳು 17 ಶಾಸಕರು ಅನರ್ಹಗೊಂಡರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಚುನಾವಣೆಗೆ ಸ್ಪರ್ಧಿಸಲು ಅವಕಾಶ ಕೊಟ್ಟಿತು. ಡಿಸೆಂಬರ್‌ನಲ್ಲಿ ಮತದಾರರು ಅವರಲ್ಲಿ ಬಹುಪಾಲು ಜನರನ್ನು ಗೆಲ್ಲಿಸಿದರು. ಅಂದಮೇಲೆ ದೂರನ್ನೆಲ್ಲ ಶಾಸಕರ ತಲೆಗೆ ಕಟ್ಟುವುದು ಸರಿಯಲ್ಲ.

ಸಮಾಜವನ್ನೇ ಎರಡಾಗಿಸುವ ಮಸೂದೆಗಳ ವಿಚಾರದಲ್ಲಿ ಕೊರತೆ ಇನ್ನೂ ಆಳವಾಗಿದೆ. 2021ರ ಡಿಸೆಂಬರ್‌ನಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಅಂಗೀಕಾರ ನೀಡಿದ್ದು ಧ್ವನಿಮತದಿಂದ. ಪರವಾದವರು ‘ಹೌದು’ ಎನ್ನುತ್ತಾರೆ, ವಿರೋಧಿಗಳು ‘ಇಲ್ಲ’ ಎನ್ನುತ್ತಾರೆ, ಯಾವ ದನಿ ಯಾರದೆಂದು ಕಡತದಲ್ಲಿ ದಾಖಲಾಗುವುದಿಲ್ಲ. ಇಂಥ ಮಸೂದೆಗಳಿಗೆ ವಿಪ್‌ನಿಂದ ವಿನಾಯಿತಿ ನೀಡಿ, ಹೆಸರು ಹಿಡಿದು ಮತ ಎಣಿಸುವ ಕ್ರಮ ಬಂದರೆ, ತನ್ನ ಶಾಸಕ ಯಾವ ಕಡೆ ನಿಂತಿದ್ದನೆಂಬುದು ಜಯನಗರದ ಮತದಾರನಿಗೂ ಶಿವಾಜಿನಗರದ ಮತದಾರನಿಗೂ ಗೊತ್ತಾಗುತ್ತದೆ.